ಮಗಳಿಗೆ ಇಂಜಿನಿಯರಿಂಗೇ ಬೇಕಾ? ಪೊವ್ವಲ್‌ನ ಇಲೆಕ್ಟ್ರಿಕಲ್ಲಾ, ಮಂಗಳೂರಿನ ಕಂಪ್ಯೂಟರಾ?

ತೋಟದಮನೆ, ಬದಿಯಡ್ಕ:
ಎಲ್ಲರಿಗೂ ನಮಸ್ಕಾರ. ಮಗಳ ಪ್ಲಸ್ ಟೂ ಮುಗಿಯಿತು, ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಮ್‌ನ ರ‍್ಯಾಂಕೂ ಬಂತು. ಊರಿಡೀ ಹೇಳಿಕೊಂಡು ತಿರುಗುವಂಥ ರ‍್ಯಾಂಕಲ್ಲ, ಅಡಗಿಸಿಡುವಂಥದ್ದೂ ಅಲ್ಲ. ತಿಳಿದವರ ಲೆಕ್ಕದಲ್ಲಿ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲಿ ಇಲೆಕ್ಟ್ರಿಕಲ್ ಸಿಗಬಹುದು, ಕಂಪ್ಯೂಟರ್ ಸೈನ್ಸ್ ಕಷ್ಟ. ಅವಳಿಗೆ ಇಲೆಕ್ಟ್ರಿಕಲ್ ಆದರೂ ಖುಷಿಯೇ. ಫಿಸಿಕ್ಸ್ ಅಂದರೆ ಆಸೆ, ತೋಟದ ಪಂಪಿನ ಸ್ಟಾರ್ಟರ್ ಕೆಟ್ಟರೆ ಬಿಚ್ಚಿ ನೋಡುವವಳು ಅವಳೇ.

ಬಾವನವರು ಮಾತ್ರ ಒಪ್ಪುವುದಿಲ್ಲ. ಮಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು ತೆಗೆದು ಕಂಪ್ಯೂಟರಿಗೇ ಹಾಕು ಅಂತ ಹಟ. ವಿಚಾರಿಸಿದೆ. ಹಾಸ್ಟೆಲ್, ಊಟ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 14 ಲಕ್ಷದ ಹತ್ತಿರ ಹೋಗ್ತದೆ. ನನಗಿರುವುದು ಎರಡೂವರೆ ಎಕ್ರೆ ಅಡಿಕೆ, ಅದರಲ್ಲೂ ಈ ಸಲ ಮಹಾಳಿ (ಕೊಳೆರೋಗ) ಬಿಟ್ಟು ಉಳಿದದ್ದು. ಅತ್ತ ಅಣ್ಣನ ಮಗ ಬಿಇ ಮುಗಿಸಿ ಉಪ್ಪಳದಲ್ಲಿ ಮೊಬೈಲ್ ಅಂಗಡಿಯಲ್ಲಿ ಕೂತಿದ್ದಾನೆ. ಅದನ್ನು ನೋಡಿ ಹೆಂಡತಿ ಹೇಳುವುದು, ಇಂಜಿನಿಯರಿಂಗೇ ಬೇಡ, ಕಾಸರಗೋಡು ಗವರ್ನಮೆಂಟ್ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ ಟೀಚರ್ ಆಗಲಿ ಅಂತ. ನಿಮ್ಮ ಅಭಿಪ್ರಾಯ ಎಂತ? ಅನುಭವ ಇದ್ದವರು ಹೇಳಿದರೆ ಉಪಕಾರ.

ಬೊಳ್ಪು:
ಮೊಬೈಲ್ ಅಂಗಡಿಯ ಅಣ್ಣನ ಮಗನಿಗೆ ತಿಂಗಳಿಗೆ ಎಷ್ಟು ಸಿಗ್ತದೆ ಅಂತ ಕೇಳಿದ್ದೀರಾ? ಬೆಂಗಳೂರಲ್ಲಿ ಪಿಜಿಗೆ ಬಾಡಿಗೆ ಕಟ್ಟುವ ನಮಗಿಂತ ಅವನೇ ಹೆಚ್ಚು ಉಳಿಸ್ತಿರಬಹುದು.

ಕುಂಬಳೆ ಪ್ಯಾಸೆಂಜರ್:
ನಾನು ಕುಂಬಳೆಯಿಂದ ದಿನಾ ರೈಲಲ್ಲಿ ಹೋಗಿ ಮಂಗಳೂರು ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವ. ಕೆಲಸ ಉಂಟು, ಸಂಬಳ ಬರ್ತದೆ, ದೂರು ಇಲ್ಲ. ಆದರೆ ಒಂದು ವಿಷಯ ನೇರ ಹೇಳ್ತೇನೆ. ಕಾಲೇಜು ಬ್ರೋಷರಿನಲ್ಲಿ ಹಾಕುವುದು ಅತಿ ದೊಡ್ಡ ಪ್ಯಾಕೇಜ್. ಅದು ಒಬ್ಬನಿಗೋ ಇಬ್ಬರಿಗೋ ಸಿಕ್ಕಿರ್ತದೆ. ನೀವು ಕೇಳಬೇಕಾದ್ದು ನಡುವಿನವನಿಗೆ ಎಷ್ಟು ಸಿಕ್ಕಿತು, ಎಷ್ಟು ಜನ ಆಫರ್ ಲೆಟರ್ ಹಿಡಿದುಕೊಂಡು ಜಾಯಿನಿಂಗ್ ಡೇಟಿಗೆ ಕಾಯ್ತಾ ಇದ್ದಾರೆ ಅಂತ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಹೋದದ್ದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಐಟಿ ಕಂಪನಿಗಳಿಗೆ. ಪಿಎಫ್ ಕಳೆದು ಕೈಗೆ 25 ಸಾವಿರ ಬಂದರೆ ದೊಡ್ಡದು. ಆ ಆರಂಭದ ಸಂಬಳ ಹತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಫೀಸು ಮಾತ್ರ ಅಷ್ಟೇ ಉಳಿದಿಲ್ಲ.

ಬ್ಯಾಂಕ್ ಮಾವ:
ನಿವೃತ್ತ ಬ್ಯಾಂಕಿನವ ನಾನು, ಲೆಕ್ಕ ಹಾಕದೆ ಕೂರಲಿಕ್ಕೆ ಆಗುವುದಿಲ್ಲ. 14 ಲಕ್ಷ ಸಾಲ, ಬಡ್ಡಿ 10.5 ಶೇಕಡಾ, ಹತ್ತು ವರ್ಷದ ಕಂತು ಅಂತ ಹಿಡಿಯಿರಿ. ತಿಂಗಳಿಗೆ 18,900 ರೂಪಾಯಿ ಹತ್ತಿರ. ಓದುವಾಗಿನ ಬಡ್ಡಿಯನ್ನು ಆಗಾಗ ಕಟ್ಟದಿದ್ದರೆ ಅದೂ ಅಸಲಿಗೆ ಸೇರಿ ಕಂತು ಇನ್ನೂ ಮೇಲೆ ಹೋಗ್ತದೆ. ಪ್ಯಾಸೆಂಜರ್ ಹೇಳಿದ 25 ಸಾವಿರದಲ್ಲಿ ಇದನ್ನು ಕಳೆಯಿರಿ. ಉಳಿದದ್ದರಲ್ಲಿ ಹುಡುಗಿ ಬೆಂಗಳೂರಲ್ಲಿ ಊಟ ಮಾಡಬೇಕಾ, ಬಸ್ಸಿಗೆ ಕೊಡಬೇಕಾ?

ಇನ್ನೊಂದು. ಏಳೂವರೆ ಲಕ್ಷದವರೆಗೆ ಶಿಕ್ಷಣ ಸಾಲಕ್ಕೆ ಜಾಗ ಅಡವಿಡುವ ಅಗತ್ಯ ಇಲ್ಲ. ಅದರ ಮೇಲೆ ಹೋದರೆ ತೋಟದ ಆಧಾರ ಕೇಳ್ತಾರೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದರೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಗೆ ಕೇಂದ್ರದ ಸಬ್ಸಿಡಿ ಯೋಜನೆ ಉಂಟು. ಆದರೆ ಮೆರಿಟಿನಲ್ಲಿ ಸಿಕ್ಕಿದ ಸೀಟಿಗೆ ಬ್ಯಾಂಕಿನವರು ನಗುತ್ತಾ ಬರ್ತಾರೆ, ಮ್ಯಾನೇಜ್‌ಮೆಂಟ್ ಸೀಟಿಗೆ ಕನ್ನಡಕ ಸರಿ ಮಾಡಿಕೊಳ್ತಾರೆ. ಆ ಕನ್ನಡಕ ನಾನೂ ಹಾಕಿದವನೇ.

ತೋಟದಮನೆ, ಬದಿಯಡ್ಕ:
ಮಾವಾ, 18,900 ಅಂತ ಓದಿ ಬಾವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ ಇಲ್ಲ, ಎರಡು ನೀಲಿ ಗೆರೆ ಮಾತ್ರ.

ಪೊವ್ವಲ್ ಬ್ಯಾಚ್:
ಎಲ್‌ಬಿಎಸ್‌ನಲ್ಲಿ ಇಲೆಕ್ಟ್ರಿಕಲ್ ಓದಿದವ ನಾನು, ಹಾಗಾಗಿ ಪಕ್ಷಪಾತ ಇದ್ದರೆ ಕ್ಷಮಿಸಿ. 1993ರಲ್ಲಿ ಶುರುವಾದ ಕಾಲೇಜು, ಸರ್ಕಾರದ ಎಲ್‌ಬಿಎಸ್ ಸೆಂಟರಿನದ್ದು. ಫೀಸು ಪೂರ್ತಿ ಸರ್ಕಾರಿ ಕಾಲೇಜಿನಷ್ಟು ಕಮ್ಮಿ ಅಲ್ಲ, ಖಾಸಗಿಯಷ್ಟು ಜಾಸ್ತಿಯೂ ಅಲ್ಲ. ಬದಿಯಡ್ಕದಿಂದ ಚೆರ್ಕಳಕ್ಕೆ ಬಂದು ಜಾಲ್ಸೂರು ರಸ್ತೆ ಹಿಡಿದರೆ ಆಯ್ತು, ಮನೆಯಿಂದಲೇ ಹೋಗಿ ಬರಬಹುದು. ಹಾಸ್ಟೆಲ್ ಖರ್ಚೇ ಇಲ್ಲ.

ಕೊರತೆಯೂ ಹೇಳ್ತೇನೆ. ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಬರಲಿಕ್ಕೆ ಕಾಸರಗೋಡು ದೂರ. ಕೊಚ್ಚಿ, ತಿರುವನಂತಪುರದ ಕಾಲೇಜಿನವರಿಗೆ ಸಿಗುವಷ್ಟು ಡ್ರೈವ್ ಇಲ್ಲಿ ಸಿಗುವುದಿಲ್ಲ. ತಾನೇ ಹುಡುಕಿಕೊಂಡು ಹೋಗುವ ಛಲ ಇದ್ದವರು ಗೆದ್ದಿದ್ದಾರೆ, ಕಾಲೇಜೇ ಕೆಲಸ ಕೊಡಿಸ್ತದೆ ಅಂತ ಕೂತವರು ಪಿಎಸ್‌ಸಿ (ಸರ್ಕಾರಿ ನೌಕರಿ ಪರೀಕ್ಷೆ) ಕೋಚಿಂಗಿನಲ್ಲಿ ಸಿಕ್ಕಿದ್ದಾರೆ. ಪಿಎಸ್‌ಸಿಯೂ ಕೆಟ್ಟದ್ದಲ್ಲ ಅನ್ನಿ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಇಲೆಕ್ಟ್ರಿಕಲ್ ವಿಭಾಗದಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಲಿಕ್ಕೆ ಇಲೆಕ್ಟ್ರಿಕಲ್ ಡಿಗ್ರಿಯೇ ಬೇಕು, ಕಂಪ್ಯೂಟರ್ ಓದಿದವನಿಗೆ ಆ ಬಾಗಿಲು ಇಲ್ಲ. ಅತ್ತ ಇಲೆಕ್ಟ್ರಿಕಲ್ ಓದಿದವನಿಗೆ ಸಾಫ್ಟ್‌ವೇರಿನ ಬಾಗಿಲು ತೆರೆದೇ ಉಂಟು. ಕೆಟಿಯು ಅಂದರೆ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೇರೆ ಬ್ರಾಂಚಿನ ವಿಷಯವನ್ನು ಹೆಚ್ಚುವರಿಯಾಗಿ ಓದಿ ಮೈನರ್ ತೆಗೆಯಬಹುದು. ಇಲೆಕ್ಟ್ರಿಕಲ್ ಜೊತೆ ಕಂಪ್ಯೂಟರ್ ಮೈನರ್ ಮಾಡಿದರೆ ಬಾವನವರೂ ಸಮಾಧಾನ ಆದಾರು.

ಬೊಳ್ಪು:
ಇಲೆಕ್ಟ್ರಿಕಲ್ ಓದಿ ಎಲ್ಲಿ ಕೆಲಸ? ಜಿಲ್ಲೆಯಲ್ಲಿದ್ದ ಒಂದು ಇಲೆಕ್ಟ್ರಿಕಲ್ ಕಾರ್ಖಾನೆ ಬೇದ್ರಡ್ಕದ್ದು. ಅದೂ 2020ರಲ್ಲಿ ಮುಚ್ಚಿ ಹೋಯ್ತು.

ಪೊವ್ವಲ್ ಬ್ಯಾಚ್:
@ಬೊಳ್ಪು ಅರ್ಧ ಸುದ್ದಿ ಹೇಳಬೇಡಿ ಮಾರಾಯ್ರೆ. ಆ ಕಾರ್ಖಾನೆಯಲ್ಲಿದ್ದ ಬಿಎಚ್‌ಇಎಲ್ ಪಾಲನ್ನು ಕೇರಳ ಸರ್ಕಾರ ವಾಪಸ್ ತೆಗೆದುಕೊಂಡು 2022ರ ಏಪ್ರಿಲ್‌ನಲ್ಲಿ ಕೆಇಎಲ್-ಇಎಂಎಲ್ ಅಂತ ಮತ್ತೆ ತೆರೆದಿದ್ದಾರೆ. ಆದರೆ ನಿಮ್ಮ ಮಾತಿನ ತಿರುಳು ಸರಿ, ಒಂದು ಕಾರ್ಖಾನೆ ನಂಬಿ ಯಾರೂ ಡಿಗ್ರಿ ಮಾಡುವುದಲ್ಲ. ಅಂಬಲತ್ತರದಲ್ಲಿ ಸೋಲಾರ್ ಪಾರ್ಕ್ ಬಂದು ವರ್ಷಗಳಾದವು, ಉಡುಪಿಯಿಂದ ಕರಿಂದಳಕ್ಕೆ 400 ಕೆವಿ ಲೈನ್ ಎಳೆಯುವ ಗಲಾಟೆ ನಡೀತಾ ಉಂಟು. ಮನೆ ಮನೆ ಮಾಡಿನ ಮೇಲೆ ಪ್ಯಾನಲ್ ಕೂತಿದೆ. ಇವೆಲ್ಲಕ್ಕೂ ಇಲೆಕ್ಟ್ರಿಕಲ್‌ನವರೇ ಬೇಕಲ್ಲ?

ಅಡ್ಕಸ್ಥಳ:
ಆ 400 ಕೆವಿ ಲೈನಿನ ಹೆಸರೆತ್ತಬೇಡಿ. ಆಚೆ ದಕ್ಷಿಣ ಕನ್ನಡದಲ್ಲಿ ಎಷ್ಟು ಅಡಿಕೆ ತೋಟದ ಮೇಲೆ ಹೋಗ್ತದೆ ಗೊತ್ತುಂಟಾ? ಕರೆಂಟ್ ನಮಗೆ, ಕಡಿದ ಮರ ಅವರಿಗೆ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಹಾಕಿದ್ದಕ್ಕೇ ಇದೆಲ್ಲ. ಮಹಾಜನ ವರದಿ ಪ್ರಕಾರ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಿದ್ದರೆ ಕೀಮೂ ಬೇಡ, ಕೆಟಿಯೂ ಬೇಡ, ಎಲ್ಲರೂ ಸಿಇಟಿ ಬರೆಯುತ್ತಿದ್ದರು.

ನಿರ್ವಾಹಕ:
ಅಡ್ಕಸ್ಥಳದವರೇ, ಮಹಾಜನ ವರದಿಗೆ ಬೇರೆ ಎಳೆ ಉಂಟು, ಅಲ್ಲಿ ನಿಮ್ಮದೇ 300 ಪೋಸ್ಟ್‌ಗಳಿವೆ. ಇಲ್ಲಿ ಹುಡುಗಿಯ ಸೀಟಿನ ವಿಷಯ.

ಟೀಚರಮ್ಮ:
ಸಿಇಟಿ ವಿಷಯ ಬಂದದ್ದು ಒಳ್ಳೆಯದಾಯ್ತು. ನಮ್ಮ ಮಕ್ಕಳು ಈಗಲೂ ಕರ್ನಾಟಕದ ಸಿಇಟಿ ಬರೆಯಬಹುದು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರಿಗೆ ಗಡಿನಾಡು ಕನ್ನಡಿಗರ ಅವಕಾಶ ಉಂಟು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಸಿಇಟಿ ನಡೆಸುವ ಕೆಇಎಯವರು (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅದಕ್ಕೆ ಬೇರೆಯೇ ಕನ್ನಡ ಪರೀಕ್ಷೆ ಮಾಡ್ತಾರೆ. ನಾಲ್ಕನೇ ತರಗತಿ ಮಟ್ಟದ್ದು, 50ರಲ್ಲಿ 12 ಬಂದರೆ ಸಾಕು. ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಇಷ್ಟು ಸುಲಭದ ದಾರಿ ಇದ್ದೂ ಪ್ರತಿವರ್ಷ ನಮ್ಮ ಶಾಲೆಯ ಎಷ್ಟೋ ಮಕ್ಕಳು ಅರ್ಜಿ ಹಾಕುವ ದಿನ ಮುಗಿದ ಮೇಲೆ ಬಂದು ಕೇಳ್ತಾರೆ. ಮ್ಯಾನೇಜ್‌ಮೆಂಟ್ ಸೀಟಿಗೂ ಸಿಇಟಿಯ ಸರ್ಕಾರಿ ಸೀಟಿಗೂ ಫೀಸಿನ ವ್ಯತ್ಯಾಸ ಲಕ್ಷಗಳದ್ದು. ತೋಟದಮನೆಯವರೇ, ಮಗಳು ಸಿಇಟಿ ಬರೆದಿದ್ದಾಳಾ?

ತೋಟದಮನೆ, ಬದಿಯಡ್ಕ:
ಇಲ್ಲ ಟೀಚರ್. ಆ ದಾರಿ ಉಂಟು ಅಂತಲೇ ಯಾರೂ ಹೇಳಿರಲಿಲ್ಲ.

ಟೀಚರಮ್ಮ:
ಹೋಗಲಿ ಬಿಡಿ, ತಂಗಿ ತಮ್ಮಂದಿರಿದ್ದರೆ ನೆನಪಿಟ್ಟುಕೊಳ್ಳಿ. ಜೆಇಇ ಬರೆಯುವವರಿಗೂ ಒಂದು ಮಾತು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಆ ರಾಜ್ಯ ಯಾವುದು ಅಂತ ನಿರ್ಧಾರ ಆಗುವುದು ಹನ್ನೆರಡನೆಯದ್ದು ಎಲ್ಲಿ ಪಾಸ್ ಮಾಡಿದ್ದು ಅನ್ನುವುದರ ಮೇಲೆ. ಮಂಜೇಶ್ವರದ ಹುಡುಗನಿಗೆ ಸುರತ್ಕಲ್ ಕಣ್ಣೆದುರಿಗೇ ಇದ್ದ ಹಾಗೆ, ಆದರೂ ಇಲ್ಲಿ ಪ್ಲಸ್ ಟೂ ಮಾಡಿದರೆ ಅವನ ಸ್ವಂತ ರಾಜ್ಯದ ಎನ್‌ಐಟಿ ಕೋಝಿಕ್ಕೋಡಿನದ್ದು. ಅದೇ ಹುಡುಗ ಮಂಗಳೂರಲ್ಲಿ ಪಿಯುಸಿ ಮಾಡಿದರೆ ಸುರತ್ಕಲ್ ಅವನದ್ದಾಗ್ತದೆ. ಹತ್ತನೇ ಮುಗಿಯುವಾಗಲೇ ಇದನ್ನು ಯೋಚಿಸಬೇಕು.

ಜತ್ತಿನ ಹುಡುಗ:
ನಮ್ಮ ಕಡೀನೂ ಹಂಗ ಐತ್ರಿ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದವರಿಗೂ ಗಡಿನಾಡು ಸೀಟ್ ಐತಿ, ಯಾರಿಗೂ ಗೊತ್ತಿಲ್ಲ. ನಾ ಮಹಾರಾಷ್ಟ್ರದ ಸಿಇಟಿ ಬರದು ಸಾಂಗ್ಲಿ ಕಡೆ ಹೋದೆ. ಮರಾಠಿ ಪೋರರ ನಡುವ ಕನ್ನಡ ಸಾಲಿ ಹುಡುಗ, ಮೊದಲನೇ ಸೆಮ್ ಬಾಯಿ ಬಿಡಲಿಲ್ಲ. ಎರಡನೇ ಸೆಮ್‌ಗೆ ಅವರ ಬೈಗುಳ ಎಲ್ಲಾ ಕಲ್ತೆ, ಆಮ್ಯಾಲೆ ಸಬ್ಜೆಕ್ಟೂ ತಿಳೀತು. ಕನ್ನಡ ಮೀಡಿಯಂ ಅಂತ ಅಂಜಬ್ಯಾಡ್ರಿ.

ಕುಂಬಳೆ ಪ್ಯಾಸೆಂಜರ್:
ಹ್ಹಹ್ಹ, ನಮ್ಮಲ್ಲಿ ಉಲ್ಟಾ. ಮಂಗಳೂರಲ್ಲಿ ನಮ್ಮನ್ನು ಕೇರಳದವರು ಅಂತಿದ್ದರು, ರೈಲಲ್ಲಿ ಕಣ್ಣೂರಿನವರು ಕರ್ನಾಟಕದವರು ಅಂತಿದ್ದರು. 2020ರಲ್ಲಿ ಕೊರೊನಾಕ್ಕೆ ತಲಪಾಡಿ ಗಡಿ ಮುಚ್ಚಿದಾಗ ನಾವು ಎರಡೂ ಕಡೆಯವರಲ್ಲ ಅಂತ ಖಚಿತ ಆಯ್ತು. ಅಂದಹಾಗೆ ದಿನಾ ಗಡಿ ದಾಟಿ ಓದುವವರು ಅದನ್ನೂ ಯೋಚಿಸಿ. ಅಂಥ ವರ್ಷ ಮತ್ತೆ ಬರಲಿಕ್ಕಿಲ್ಲ, ಆದರೆ ರೈಲು ಲೇಟಾಗಿ ಇಂಟರ್ನಲ್ಸ್ ತಪ್ಪುವುದು ಯಾವ ವರ್ಷವೂ ಉಂಟು.

ಮರಳುಗಾಡು:
ನಮ್ಮ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಅಂದರೆ ಕೊನೆಗೆ ಗಲ್ಫ್ ಅಲ್ವಾ? ಅದನ್ನು ಯಾಕೆ ಯಾರೂ ಹೇಳ್ತಾ ಇಲ್ಲ? ಕೇಳಿ. ಕುವೈತಿನಲ್ಲಿ ಇಂಜಿನಿಯರ್ ಅಂತ ಅಕಾಮ (ವಾಸದ ಪರವಾನಗಿ) ನವೀಕರಣ ಆಗಬೇಕಾದರೆ ಅಲ್ಲಿಯ ಇಂಜಿನಿಯರ್ಸ್ ಸೊಸೈಟಿ ಒಪ್ಪಬೇಕು. 2018ರಲ್ಲಿ ಎನ್‌ಬಿಎ (ಕೋರ್ಸಿನ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇಲ್ಲದ ಕಡೆ ಓದಿದ ಭಾರತೀಯರು ಎಷ್ಟು ಜನ ಒದ್ದಾಡಿದರು ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಹದಿನೈದು ವರ್ಷ ಸರ್ವಿಸ್ ಆದವರೂ ಹುದ್ದೆಯ ಹೆಸರು ಬದಲಿಸಿಕೊಂಡು ಕೂತರು. ಸೌದಿಯಲ್ಲೂ ಕೌನ್ಸಿಲ್ ನೋಂದಣಿ ಬೇಕು. ಹಾಗಾಗಿ ಸೀಟು ತೆಗೆಯುವ ಮೊದಲು ಎನ್‌ಬಿಎ ಉಂಟಾ ನೋಡಿ. ಅದು ಇಡೀ ಕಾಲೇಜಿಗೆ ಕೊಡುವುದಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದೂ ಇಂತಿಷ್ಟು ವರ್ಷಕ್ಕೆ. ಗೇಟಿನ ಬೋರ್ಡಿನಲ್ಲಿ ಬರೆದದ್ದು ನಂಬಬೇಡಿ, ಎನ್‌ಬಿಎ ವೆಬ್‌ಸೈಟಿನಲ್ಲಿ ಬ್ರಾಂಚಿನ ಹೆಸರು ಹುಡುಕಿ.

ಬೊಳ್ಪು:
ಇದು ಹೊಸ ವಿಷಯ. ಥ್ಯಾಂಕ್ಸ್ ಇಕ್ಕ.

ಮರಳುಗಾಡು:
ಇನ್ನೊಂದು ಹೇಳ್ತೇನೆ, ಬೇಸರ ಮಾಡಬೇಡಿ. ನಮ್ಮ ಸೈಟಿನಲ್ಲಿ ಐಟಿಐ ಮಾಡಿ ಬಂದ ಎಲೆಕ್ಟ್ರೀಷಿಯನ್ ಫೋರ್‌ಮನ್ ಆಗಿದ್ದಾನೆ, ಹೊಸದಾಗಿ ಬಂದ ಬಿಟೆಕ್‌ನವರಿಗಿಂತ ಹೆಚ್ಚು ಸಂಬಳ. ಆದರೆ ಅವನು ಅಲ್ಲಿಂದ ಮೇಲೆ ಹೋಗಲಿಕ್ಕೆ ಆಗುವುದಿಲ್ಲ, ಡಿಗ್ರಿ ಕೇಳ್ತಾರೆ. ಅವನ ಮಗನನ್ನು ಈಗ ಪೆರಿಯದ ಪಾಲಿಟೆಕ್ನಿಕ್ಕಿಗೆ ಹಾಕಿದ್ದಾನೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರುವ ಲೆಕ್ಕ.

ಅಪ್ಪುವಿನ ಬಾವ:
ಇಲ್ಲಿ ಎಲ್ಲರೂ ಬೈಯುತ್ತಿರುವ ಆ ಬಾವ ನಾನೇ. ಸ್ಕ್ರೀನ್‌ಶಾಟ್ ನೋಡಿ ಬಂದೆ. ನನ್ನ ಮಾತನ್ನೂ ಕೇಳಿ.

ನಾನು ಕಂಪ್ಯೂಟರ್ ಅಂದದ್ದು ಫ್ಯಾಷನ್ನಿಗಲ್ಲ. ಇಲೆಕ್ಟ್ರಿಕಲ್ ಓದಿದ ಹುಡುಗಿಯರಿಗೆ ಸೈಟ್ ಕೆಲಸ ಕೊಡಲಿಕ್ಕೆ ಕಂಪನಿಯವರು ಹಿಂದೇಟು ಹಾಕ್ತಾರೆ. ನನ್ನ ತಂಗಿಗೇ ಇಂಟರ್‌ವ್ಯೂನಲ್ಲಿ ‘ರಾತ್ರಿ ಸಬ್‌ಸ್ಟೇಷನ್ನಿಗೆ ಹೋಗ್ತೀರಾ’ ಅಂತ ಕೇಳಿದ್ದರು, ಹೋಗ್ತೇನೆ ಅಂದರೂ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಆ ಗೋಳಿಲ್ಲ. ಮದುವೆ ಆಗಿ ಎಲ್ಲಿಗೆ ಹೋದರೂ ಕೆಲಸ ಜೊತೆಗೆ ಹೋಗ್ತದೆ. ಅದು ಲೆಕ್ಕಕ್ಕೆ ಬರುವುದಿಲ್ಲವಾ?

ಟೀಚರಮ್ಮ:
ಬರ್ತದೆ ಬಾವನವರೇ, ನಿಮ್ಮ ಮಾತಲ್ಲಿ ಸತ್ಯ ಉಂಟು. ಆದರೆ ತಪ್ಪು ಕಂಪನಿಯದ್ದು, ಶಿಕ್ಷೆ ಹುಡುಗಿಯ ಇಷ್ಟಕ್ಕಾ? ಪಿಎಸ್‌ಸಿ ರ‍್ಯಾಂಕ್ ಲಿಸ್ಟಿಗೆ ಗಂಡು ಹೆಣ್ಣು ಅಂತ ಮುಖ ನೋಡಲಿಕ್ಕೆ ಬರುವುದಿಲ್ಲ. ಕೆಎಸ್‌ಇಬಿ ಸೆಕ್ಷನ್ ಆಫೀಸುಗಳಲ್ಲಿ ಹೆಂಗಸರು ಇಂಜಿನಿಯರ್ ಆಗಿ ಇದ್ದಾರೆ, ಒಮ್ಮೆ ಹೋಗಿ ನೋಡಿ.

ಪೊವ್ವಲ್ ಬ್ಯಾಚ್:
ಬಾವನವರ ಮಾತಿಗೆ ಇನ್ನೊಂದು ಸೇರಿಸ್ತೇನೆ. ಕಂಪ್ಯೂಟರ್ ಸುರಕ್ಷಿತ ಅನ್ನುವುದೂ ಈಗ ಅಷ್ಟು ಗಟ್ಟಿ ಅಲ್ಲ. 2024ರಿಂದ ಎಐಸಿಟಿಇ (ತಾಂತ್ರಿಕ ಕಾಲೇಜುಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಮಂಡಳಿ) ಒಳ್ಳೆ ಕಾಲೇಜುಗಳಿಗೆ ಸೀಟಿನ ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸೀಟು ಉಬ್ಬಿ ಹೋಗಿದೆ. ಎಐ, ಡೇಟಾ ಸೈನ್ಸ್, ಸೈಬರ್ ಅಂತ ಹತ್ತು ಹೆಸರು, ಒಳಗಿನ ಪಾಠ ಮುಕ್ಕಾಲು ಪಾಲು ಒಂದೇ. ಮೆಕ್ಯಾನಿಕಲ್ ಲ್ಯಾಬ್ ಖಾಲಿ ಹೊಡೀತಾ ಉಂಟು. ಇಷ್ಟು ಜನ ಒಟ್ಟಿಗೆ ಹೊರಗೆ ಬರುವಾಗ ಮಧ್ಯಮ ಕಾಲೇಜಿನ ಮಧ್ಯಮ ಹುಡುಗನನ್ನು ಯಾರು ಹುಡುಕಿಕೊಂಡು ಬರ್ತಾರೆ?

ಬೊಳ್ಪು:
ಹುಡುಗನೂ ಬೇಡ, ಕೋಡ್ ಈಗ ಎಐ ಬರೀತದೆ.

ಕುಂಬಳೆ ಪ್ಯಾಸೆಂಜರ್:
@ಬೊಳ್ಪು ಬರೀತದೆ, ಹೌದು. ನಮ್ಮ ಟೀಮಿನಲ್ಲಿ ದಿನಾ ಅದನ್ನೇ ಬಳಸುವುದು. ಆದರೆ ಅದು ಬರೆದದ್ದರಲ್ಲಿ ಎಲ್ಲಿ ಎಡವಟ್ಟು ಅಂತ ಹೇಳಲಿಕ್ಕೆ ವಿಷಯ ಗೊತ್ತಿರಬೇಕು. ಪೆಟ್ಟು ಬೀಳ್ತಾ ಇರುವುದು ಹೊಸಬರಿಗೆ. ಮೊದಲು ಫ್ರೆಷರುಗಳಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೆಲಸವೇ ಕಮ್ಮಿ ಆಗಿದೆ. ಕಂಪ್ಯೂಟರ್ ಓದಬೇಡಿ ಅನ್ನುವುದಿಲ್ಲ. ತೋಟ ಅಡವಿಟ್ಟು, ಇಷ್ಟ ಇಲ್ಲದವಳನ್ನು ಕಳಿಸಿ ಓದಿಸಬೇಡಿ ಅಷ್ಟೆ. ಕೋಡಿಂಗ್ ಮಾಡಿ ನೋಡಬೇಕು ಅಂತಿದ್ದರೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಉಂಟು, 2021ರಲ್ಲಿ ಶುರುವಾದದ್ದು. ಜೆಇಇ ಬೇಡ, ಅವರದ್ದೇ ಅರ್ಹತಾ ಪರೀಕ್ಷೆ ಪಾಸಾಗಬೇಕು. ಬೇರೆ ಡಿಗ್ರಿ ಜೊತೆಗೂ ಮಾಡುವವರಿದ್ದಾರೆ.

ತೋಟದಮನೆ, ಬದಿಯಡ್ಕ:
ಬಿಎಸ್ಸಿ ಬಗ್ಗೆ ಯಾರೂ ಹೇಳಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತಿದ್ದಾಳೆ, ಓದಿ ಹೇಳಬೇಕು.

ಟೀಚರಮ್ಮ:
ಅಕ್ಕನಿಗೆ ನಾನೇ ಹೇಳ್ತೇನೆ. ಟೀಚರ್ ಕೆಲಸ ಮೂರು ವರ್ಷಕ್ಕೆ ಸಿಗುವಂಥದ್ದಲ್ಲ. ಹೈಸ್ಕೂಲಿಗೆ ಡಿಗ್ರಿ, ಬಿಎಡ್, ಕೆ-ಟೆಟ್ ಅನ್ನುವ ಅರ್ಹತಾ ಪರೀಕ್ಷೆ. ಹೈಯರ್ ಸೆಕೆಂಡರಿಗೆ ಎಂಎಸ್ಸಿ, ಬಿಎಡ್, ಸೆಟ್. (ಆ ಸೆಟ್ ಪರೀಕ್ಷೆ ನಡೆಸುವವರೂ ಎಲ್‌ಬಿಎಸ್ ಸೆಂಟರಿನವರೇ, ಎಲ್ಲಿ ಹೋದರೂ ಅವರನ್ನು ತಪ್ಪಿಸಲಿಕ್ಕಾಗುವುದಿಲ್ಲ.) ಆಮೇಲೆ ಪಿಎಸ್‌ಸಿ ಹುದ್ದೆ ಕರೆಯುವವರೆಗೆ ಕಾಯಬೇಕು. ಕನ್ನಡ ಮಾಧ್ಯಮದ ಫಿಸಿಕಲ್ ಸೈನ್ಸ್ ಹುದ್ದೆ ನಮ್ಮ ಜಿಲ್ಲೆಯಲ್ಲಿ ಉಂಟು, ಸ್ಪರ್ಧೆ ಕಮ್ಮಿ ಅನ್ನುವುದೂ ಸತ್ಯ. ಆದರೆ ಹುದ್ದೆಯೂ ಬೆರಳೆಣಿಕೆ. ಕನ್ನಡ ಡಿವಿಜನಿಗೆ ಮಕ್ಕಳು ಸೇರುವುದೇ ಕಮ್ಮಿ ಆಗ್ತಾ ಇರುವಾಗ ಅದು ಎಷ್ಟು ವರ್ಷ ಇರ್ತದೆ ಅಂತ ನನಗೇ ಹೆದರಿಕೆ. ಪಾಠ ಮಾಡುವ ಆಸೆ ಇದ್ದವಳಿಗೆ ಬಿಎಸ್ಸಿ ಸರಿ. ಇಂಜಿನಿಯರಿಂಗಿನ ಹೆದರಿಕೆಗೆ ಬಿಎಸ್ಸಿ ಮಾಡಿದರೆ ಎರಡೂ ಕಡೆ ಇಲ್ಲ.

ಅಡ್ಕಸ್ಥಳ:
ಕನ್ನಡ ಡಿವಿಜನ್ ಮುಚ್ಚುವುದಕ್ಕೂ ಕಾರಣ 1956...

ನಿರ್ವಾಹಕ:
ಬೇಡ.

ಪೊವ್ವಲ್ ಬ್ಯಾಚ್:
ತೋಟದವರ ಮಗಳಲ್ವಾ, ಒಂದು ಆಯ್ಕೆ ಯಾರೂ ಹೇಳಲಿಲ್ಲ. ತವನೂರಿನ ಕೇಳಪ್ಪಜಿ ಕಾಲೇಜಿನಲ್ಲಿ ಅಗ್ರಿಕಲ್ಚರಲ್ ಇಂಜಿನಿಯರಿಂಗ್ ಉಂಟು, ಕೃಷಿ ವಿಶ್ವವಿದ್ಯಾಲಯದ್ದು, ಕೀಮ್ ರ‍್ಯಾಂಕಿನಲ್ಲೇ ಸಿಗ್ತದೆ. ಮಲಪ್ಪುರಂ ಜಿಲ್ಲೆ, ಹಾಸ್ಟೆಲಲ್ಲಿ ಇರಬೇಕು. ಪೂರ್ತಿ ಸರ್ಕಾರಿ ಫೀಸೇ ಬೇಕಾದರೆ ಕಣ್ಣೂರು ಗವರ್ನಮೆಂಟ್ ಇಂಜಿನಿಯರಿಂಗ್ ಕಾಲೇಜಿನ ಇಲೆಕ್ಟ್ರಿಕಲ್ ಅನ್ನು ಎಲ್‌ಬಿಎಸ್‌ಗಿಂತ ಮೇಲೆ ಹಾಕಿ. 1986ರಿಂದ ಇರುವ ಕಾಲೇಜು, ಧರ್ಮಶಾಲೆಯಲ್ಲಿ. ಕಾಲೇಜು, ಬ್ರಾಂಚುಗಳ ಆಪ್ಷನ್ ಹಾಕುವಾಗ ‘ಇದು ಸಿಗಲಿಕ್ಕಿಲ್ಲ’ ಅಂತ ಬಿಟ್ಟುಬಿಡಬೇಡಿ. ಮೇಲಿನದ್ದು ಸಿಗದಿದ್ದರೆ ಕೆಳಗಿನದ್ದಕ್ಕೆ ಇಳೀತದೆ, ಅದರಲ್ಲಿ ನಷ್ಟ ಇಲ್ಲ. ಆದರೆ ಒಂದು ಅಲಾಟ್ ಆದ ಮೇಲೆ ಅದಕ್ಕಿಂತ ಕೆಳಗಿನ ಆಪ್ಷನ್‌ಗಳೆಲ್ಲ ರದ್ದು. ನಿಜವಾಗಿ ಎಲ್ಲಿ ಓದಬೇಕು ಅಂತ ಉಂಟೋ ಅದೇ ಕ್ರಮದಲ್ಲಿ ಹಾಕಿ, ಸಿಗುವ ಸಾಧ್ಯತೆಯ ಕ್ರಮದಲ್ಲಿ ಅಲ್ಲ.

ಬ್ಯಾಂಕ್ ಮಾವ:
ಮತ್ತೆ 2025ರ ಹಾಗೆ ರ‍್ಯಾಂಕ್ ಲಿಸ್ಟೇ ಬದಲಾದರೆ ಕಂಗಾಲಾಗಬೇಡಿ. ಆಗ ಹೈಕೋರ್ಟ್ ಅಂಕ ಲೆಕ್ಕ ಹಾಕುವ ಹೊಸ ಸೂತ್ರ ರದ್ದು ಮಾಡಿ, ಹಳೇ ಸೂತ್ರದಲ್ಲಿ ಲಿಸ್ಟ್ ಮತ್ತೆ ಹೊರಟಿತ್ತು. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಅಲಾಟ್‌ಮೆಂಟ್ ಮೆಮೊ ಕೈಗೆ ಬರುವವರೆಗೆ ಯಾವ ಖಾಸಗಿ ಕಾಲೇಜಿಗೂ ಅಡ್ವಾನ್ಸ್ ಕಟ್ಟಬೇಡಿ.

ಅಪ್ಪುವಿನ ಬಾವ:
ಅಡ್ವಾನ್ಸ್ 25 ಸಾವಿರ ನಾನು ಆಗಲೇ ಮಾತಾಡಿ ಇಟ್ಟಿದ್ದೆ. ಕೊಟ್ಟಿಲ್ಲ. ಕೊಡುವುದಿಲ್ಲ. ಆದರೆ ಕಂಪ್ಯೂಟರ್ ಮೈನರ್ ಮಾಡಬೇಕು, ಅದರಲ್ಲಿ ರಾಜಿ ಇಲ್ಲ.

ತೋಟದಮನೆ, ಬದಿಯಡ್ಕ:
ಎಲ್ಲರಿಗೂ ಉಪಕಾರ. ಮಗಳಿಗೆ ಇಡೀ ಎಳೆ ಓದಲಿಕ್ಕೆ ಕೊಟ್ಟೆ. ಅವಳು ಹಾಕಿದ ಕ್ರಮ: ಕಣ್ಣೂರು ಇಲೆಕ್ಟ್ರಿಕಲ್, ಎಲ್‌ಬಿಎಸ್ ಇಲೆಕ್ಟ್ರಿಕಲ್, ಆಮೇಲೆ ತವನೂರು. ಮೈನರ್ ವಿಷಯಕ್ಕೆ ‘ಮಾವ ಫೀಸ್ ಕಟ್ಟಿದರೆ ಮಾಡ್ತೇನೆ’ ಅಂದಳು, ಅವಳ ಮಾವ ಅಂದರೆ ನಮ್ಮ ಬಾವನೇ. ಎನ್‌ಬಿಎ ಅವಳೇ ವೆಬ್‌ಸೈಟಿನಲ್ಲಿ ನೋಡ್ತಾ ಇದ್ದಾಳೆ. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ.

ಟೀಚರಮ್ಮ:
ಮೊದಲ ಅಲಾಟ್‌ಮೆಂಟ್ ಆದ ಮೇಲೆ ಸುಮ್ಮನೆ ಕೂರಬೇಡಿ. ಮುಂದಿನ ಹಂತಕ್ಕೆ ಹೋಗಬೇಕಾದರೆ ಲಾಗಿನ್ ಆಗಿ ಆಪ್ಷನ್ ಕನ್ಫರ್ಮ್ ಒತ್ತಲೇಬೇಕು. ಅದನ್ನು ಮರೆತು ಮೇಲಿನ ಸೀಟು ಕಳಕೊಂಡ ಮಕ್ಕಳನ್ನು ಪ್ರತಿವರ್ಷ ನೋಡ್ತೇನೆ. ನೇಟಿವಿಟಿ, ಇನ್‌ಕಮ್ ಸರ್ಟಿಫಿಕೇಟಿಗೆ ನಾಳೆಯೇ ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಅರ್ಜಿ ಹಾಕಿಕೊಡುವ ಕಡೆ) ಹೋಗಿ, ಈಗ ವಿಲ್ಲೇಜ್ ಆಫೀಸಿನಲ್ಲಿ ರಶ್.

ಜತ್ತಿನ ಹುಡುಗ:
ಟೀಚರ್, ಆ ಕನ್ನಡ ಪರೀಕ್ಷೆಗೆ ಹಳೇ ಪ್ರಶ್ನೆಪತ್ರಿಕೆ ಎಲ್ಲ್ಯರ ಸಿಗತಾವೇನ್ರಿ? ತಮ್ಮ ಬರೀತಾನ. ಮನ್ಯಾಗ ಮಾತಾಡ್ತಾನ, ಒತ್ತಕ್ಷರ ಬರದಾಗ ಬೆವರ್ತಾನ.